ನನಗೆ ಬರಿ ಕೊಟ್ಟ ಅಜ್ಜಿ

"ಇವಳು ಬಿ.ಎ. ಮಾಡುದಾ? ಒಂದೇ ಶಾಲೆಯಲ್ಲಿ ಎರಡು ಮಳೆಗಾಲ ಕೂತವಳಲ್ಲ ಇದು. ಆಗುವ ಮಾತು ಹೇಳಿ ಮಾಸ್ಟ್ರೇ."

ಹೀಗೆ ಹೇಳಿದವಳು ಅಜ್ಜಿ. ಅಂಗಳದಲ್ಲಿ ನಿಂತು ಕೇಳಿಸಿಕೊಂಡವರು ನಮ್ಮ ಹೈಸ್ಕೂಲಿನ ಹೆಡ್‌ಮಾಸ್ಟರರು. ಹೇಳುವಾಗ ಅಜ್ಜಿ ತಲೆ ಎತ್ತಲಿಲ್ಲ. ಅವಳ ಎರಡು ಅಂಗೈಗಳ ನಡುವೆ ತೆಂಗಿನ ನಾರು ಉರುಳಿ ಉರುಳಿ ಹುರಿಯಾಗಿ ಕಾಲಿನ ಹತ್ತಿರ ಸುರುಳಿ ಬೀಳುತ್ತಿತ್ತು. ಹುಡುಗಿಯಾಗಿದ್ದಾಗಿನಿಂದ ಹುರಿ ಹೊಸೆದ ಆ ಕೈಗಳಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ. ಉಜ್ಜಿ ತೊಳೆದ ಕಲ್ಲಿನ ಹಾಗೆ ನುಣ್ಣಗೆ, ಹಳದಿಗೆ ತಿರುಗಿದ್ದವು. ಕೈ ನೋಡಿ ಭವಿಷ್ಯ ಹೇಳುವವನೊಬ್ಬ ಒಮ್ಮೆ ಬಂದು, ಅವಳ ಅಂಗೈಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ ಸುಮ್ಮನೆ ಬಿಟ್ಟುಬಿಟ್ಟ. "ಅದರಲ್ಲಿ ಎಂತದೂ ಇಲ್ಲ ಮಾರಾಯ. ಬೆಲ್ಲ ನೀರು ಕುಡಿದು ಹೋಗು" ಎಂದು ಅಜ್ಜಿಯೇ ಅವನಿಗೆ ಸಮಾಧಾನ ಹೇಳಿದಳು.

ಅವಳು ಆಡುತ್ತಿದ್ದದ್ದು ತುಳು. ನಾನು ಬರೆಯಬಲ್ಲದ್ದು ಕನ್ನಡ. ಅವಳ ಮಾತಿನ ಖಾರದಲ್ಲಿ ಅರ್ಧ ಇಲ್ಲಿಗೆ ಬರುವಾಗ ಹೋಗಿರುತ್ತದೆ.

ನಾನು ಬಿ.ಎ. ಪಾಸಾದವಳು. ನಮ್ಮ ಕುಟುಂಬದಲ್ಲಿ ಮೊದಲನೆಯವಳು. ಯಾವ ಕುಟುಂಬ ಎಂದು ಕೇಳಿದರೆ ಉತ್ತರ ಸಲೀಸಲ್ಲ. ಅದನ್ನು ಹೇಳಲು ಕೊಲಂಬಿನಿಂದ ಶುರು ಮಾಡಬೇಕು.

ನನ್ನ ತಂದೆ ಮಂಜೇಶ್ವರದ ಹತ್ತಿರದ ಕುಂಜತ್ತೂರಿನವರು. ಬೀಡಿ ಕಟ್ಟಲು ಕಲಿತು, ಮೀಸೆ ಬರುವ ಪ್ರಾಯದಲ್ಲಿ ಕೊಲಂಬಿಗೆ ಹೋಗಿ, ಬಂದರಿನ ಹಿಂದಿನ ಗಲ್ಲಿಯಲ್ಲಿ ಒಂದು ಬೀಡಿ ಅಂಗಡಿಯ ಪಾಲುದಾರರಾದರು. ನನ್ನ ತಾಯಿ ಸಿಂಹಳದವಳು. ಅದೇ ಗಲ್ಲಿಯಲ್ಲಿ ಬೆಳಗ್ಗೆ ಅಕ್ಕಿಹಿಟ್ಟಿನ ಅಪ್ಪ ಸುಟ್ಟು ಮಾರುತ್ತಿದ್ದಳು. ಅವಳ ಮುಖ ನೆನಪಿಲ್ಲ. ಒಲೆಯ ಮುಂದೆ ಕೂತ ಬೆನ್ನು ಮಾತ್ರ ನೆನಪಿದೆ. ನನಗೆ ಐದು ತುಂಬುವಷ್ಟರಲ್ಲಿ ಜ್ವರ ಬಂದು ಸತ್ತಳು. ಅವಳ ಕಡೆಯವರು ಹಳ್ಳಿಯಿಂದ ಬಂದು ಹೆಣ ಕೊಂಡುಹೋದರು. ನನ್ನನ್ನು ಕೊಂಡುಹೋಗಲಿಲ್ಲ. "ಅದು ಕೊಚ್ಚಿಯವನ ಮಗು" ಎಂದರಂತೆ. ಮಂಗಳೂರಾಗಲಿ ಮಲಬಾರಾಗಲಿ, ನಮ್ಮ ಕರಾವಳಿಯಿಂದ ಹೋದವರೆಲ್ಲ ಅಲ್ಲಿಯವರ ಬಾಯಲ್ಲಿ ಕೊಚ್ಚಿಯವರೇ.

ತಂದೆ ನನ್ನನ್ನು ಹಡಗು ದಾಟಿಸಿ, ರೈಲು ಹತ್ತಿಸಿ, ಕುಂಜತ್ತೂರಿಗೆ ತಂದು ತನ್ನ ಅಕ್ಕನ ಮನೆಯಲ್ಲಿ ಬಿಟ್ಟರು. ನನಗೆ ಅತ್ತೆ. ಅವರು ಕೆಟ್ಟವರೆಂದು ಹೇಳಲಾರೆ. ಲೆಕ್ಕದ ಹೆಂಗಸು. "ಹೊಟ್ಟೆಗೆ ಹಾಕ್ತೇನೆ. ಅದಕ್ಕಿಂತ ಹೆಚ್ಚು ನನ್ನ ಹತ್ರ ಕೇಳಬೇಡ" ಎಂದು ತಂದೆಗೆ ಮುಖಕ್ಕೇ ಹೇಳಿದರು.

ಹೆಚ್ಚು ಕೇಳುವ ಹಾಗೆಯೂ ಇರಲಿಲ್ಲ. ನಮ್ಮ ಜಾತಿಯಲ್ಲಿ ಮನೆ, ಕುಟುಂಬ, ಜಾಗ ಎಲ್ಲ ನಡೆಯುವುದು ಹೆಂಗಸಿನ ಕಡೆಯಿಂದ. ಮಗು ತಾಯಿಯ ಮನೆಯದ್ದು. ಬೇರೆಯವರಿಗೆ ಗೋತ್ರ ಇರುವ ಹಾಗೆ ನಮಗೆ ಬರಿ ಎಂದು ಒಂದುಂಟು. ಅದು ತಾಯಿಯಿಂದ ಮಕ್ಕಳಿಗೆ ಬರುತ್ತದೆ, ತಂದೆಯಿಂದ ಬರುವುದಿಲ್ಲ. ಮದುವೆಗೆ ಮೊದಲು ಕೇಳುವುದು ಬರಿ. ಮನೆಯ ಚಾವಡಿಯಲ್ಲಿ ದೈವಕ್ಕೆ ದೀಪ ಇಡುವವಳು ಆ ಮನೆಯ ಬರಿಯವಳಾಗಿರಬೇಕು. ತಾಯಿ ಸಮುದ್ರದ ಆಚೆಯವಳಾದರೆ ಬರಿ ಎಲ್ಲಿಂದ ಬರಬೇಕು? ತಂದೆಯ ಮನೆಯಲ್ಲಿ ನಾನು ನೆಂಟಳು. ತಾಯಿಯ ಮನೆ ಎಂಬುದು ಇಲ್ಲ. ಓಣಿಯ ಮಕ್ಕಳು ಸುತ್ತ ನಿಂತು "ನಿಂದು ಎಂತ ಬರಿ?" ಎಂದು ಕೇಳಿದಾಗ, ಅದು ಎಂತ ಎಂದು ತಿಳಿಯದೆ ತಂದೆಯ ಅಂಗಡಿಯ ಹೆಸರು ಹೇಳಿದೆ. ಆಮೇಲೆ ಎಷ್ಟೋ ಕಾಲ ಅದೇ ಹೆಸರು ಹಿಡಿದು ಕೂಗಿದರು. ಅದು ಬೇಜಾರಾದಾಗ, "ಲಂಕೆಯವಳೇ, ಬರುವಾಗ ಬಾಲದವರು ಸಿಕ್ಕಿದರಾ?" ಎಂದು ಕೇಳುತ್ತಿದ್ದರು.

ಅಂಥ ಒಂದು ದಿನ ಅತ್ತೆಯ ಅಂಗಳದ ಪಾಗಾರದ ಗೋಡೆಯ ಆಚೆಯಿಂದ ಒಂದು ತಲೆ ಮೇಲೆದ್ದಿತು. "ಬಾಲ ಇರುದು ಯಾರಿಗೆ ಅಂತ ಕಾಣ್ತಾ ಉಂಟು. ಹೋಗಿ ನಿಮ್ಮ ಅಮ್ಮಂದಿರ ಹತ್ರ ಕತ್ತರಿಸಿಕೊಂಡು ಬನ್ನಿ!" ಮಕ್ಕಳು ಓಡಿದರು. ಆ ತಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮತ್ತೆ ಪಾಗಾರದ ಹಿಂದೆ ಮುಳುಗಿತು. ಪಕ್ಕದ ಮನೆಯವಳಾದ ಅಜ್ಜಿಯನ್ನು ನಾನು ಮೊದಲು ಕಂಡದ್ದು ಹಾಗೆ.

ವರ್ಷ ತುಂಬುವ ಹೊತ್ತಿಗೆ ಅತ್ತೆ ನನ್ನನ್ನು ಊರವರೊಬ್ಬರ ಜೊತೆ ಮಾಡಿ ಕೊಲಂಬಿಗೆ ವಾಪಸು ಕಳಿಸಿದರು. ಹಡಗು ಹತ್ತುವ ಮೊದಲು ತಮಿಳು ಕರಾವಳಿಯ ಮಂಡಪಂ ಕ್ಯಾಂಪಿನಲ್ಲಿ ನಮ್ಮನ್ನೆಲ್ಲ ತಡೆದು, ಬಟ್ಟೆಬರೆ ಹಬೆಗೆ ಹಾಕಿ, ರೋಗ ಉಂಟೋ ಎಂದು ನೋಡುತ್ತಿದ್ದರು. ಅಲ್ಲಿಯ ಕಂಪೌಂಡರ್ ತಮಿಳಿನಲ್ಲಿ ಕೇಳುತ್ತಿದ್ದ ಮಾತು ಒಂದೇ: ಸ್ವಂತ ಊರು ಯಾವುದು? ಕುಂಜತ್ತೂರು ಎಂದೆ. ಕೊಲಂಬಿನಲ್ಲಿ ಇಳಿದು ಶಾಲೆಗೆ ಸೇರಿದಾಗ ಮಕ್ಕಳು ಅದನ್ನೇ ಸಿಂಹಳದಲ್ಲಿ ಕೇಳಿದರು. ಕೊಲಂಬು ಎಂದೆ. ಎರಡು ಕಡೆಯೂ ನಕ್ಕರು.

ಜಪಾನಿನವರು ಕೊಲಂಬಿನ ಬಂದರಿಗೆ ಬಾಂಬು ಹಾಕಿದ ವರ್ಷ ನಮ್ಮ ಗಲ್ಲಿಗೆ ಗಲ್ಲಿಯೇ ಖಾಲಿಯಾಯಿತು. ತಂದೆ ಮತ್ತು ನಾನು ಕೈಗೆ ಸಿಕ್ಕಿದ್ದನ್ನು ಕಟ್ಟಿಕೊಂಡು ಮತ್ತೆ ಅತ್ತೆಯ ಅಂಗಳದಲ್ಲಿ ಬಂದು ನಿಂತೆವು. ನನಗೆ ಆಗ ಒಂಬತ್ತು. ಈ ಸಲ ಅತ್ತೆ ಬಾಗಿಲಲ್ಲೇ ಹೇಳಿದರು: "ಇದು ದೊಡ್ಡದಾಗ್ತಾ ಉಂಟಲ್ಲ ತಮ್ಮಾ. ನಾಳೆ ಇದನ್ನು ಯಾರು ಕಟ್ಟಿಕೊಳ್ಳುದು? ಬರಿ ಇಲ್ಲದ್ದನ್ನು?"

ಅದಕ್ಕೆ ಉತ್ತರ ಬಂದದ್ದು ಪಾಗಾರದ ಆಚೆಯಿಂದ.

ಅಜ್ಜಿಯ ಮನೆ ಹಿನ್ನೀರಿನ ಕರೆಯಲ್ಲಿ, ನೀರಿನ ಅಂಚಿಗೇ ಇತ್ತು. ಹಿಂದೆ ಕೆಸರಿನಲ್ಲಿ ತೆಂಗಿನ ಸಿಪ್ಪೆ ಹೂತು ಕೊಳೆಹಾಕುವ ಹೊಂಡಗಳು, ಮುಂದೆ ನಾಲ್ಕು ತೆಂಗು, ನಡುವೆ ಹುಲ್ಲಿನ ಮನೆ. ಗಂಡ ಸತ್ತು ಬಹಳ ಕಾಲವಾಗಿತ್ತು. ಅವಳಿಗಿದ್ದ ಒಬ್ಬಳೇ ಮಗಳು ಮೊದಲ ಬಾಣಂತನದಲ್ಲಿ ಮಗುವಿನ ಜೊತೆಗೇ ಹೋಗಿದ್ದಳು. ಹೆಣ್ಣಿಲ್ಲದಿದ್ದರೆ ನಮ್ಮಲ್ಲಿ ಮನೆ ಅಳಿದ ಹಾಗೆ. ಗಂಡುಮಕ್ಕಳು ಎಷ್ಟಿದ್ದರೂ ಲೆಕ್ಕಕ್ಕಿಲ್ಲ. ಅವಳ ತಾಯಿಯ ತಂಗಿಯ ಕವಲು ವರ್ಕಾಡಿಯಲ್ಲಿ ಇತ್ತು. ಆದರೆ ಆ ಅಕ್ಕ ತಂಗಿ ಹಿಂದೆ ಯಾವುದೋ ಜಗಳದಲ್ಲಿ, ಇನ್ನು ಒಬ್ಬರ ಮನೆಯ ನೀರು ಇನ್ನೊಬ್ಬರು ಮುಟ್ಟುವುದಿಲ್ಲ ಎಂದು ದೈವದ ಮುಂದೆ ಆಣೆ ಹಾಕಿದ್ದರು. ಅಜ್ಜಿ ಆ ಆಣೆಯನ್ನು ಆಸ್ತಿಯ ಹಾಗೆ ಕಾಪಾಡಿಕೊಂಡು ಬಂದಿದ್ದಳು. ಬಸ್ಸಿನಲ್ಲಿ ವರ್ಕಾಡಿಯವರು ಕೂತಿದ್ದರೆ ಅವಳು ಇಳಿದು ನಡೆದು ಬರುತ್ತಿದ್ದಳು.

ಅತ್ತೆಯ ಮನೆಯವರು ನನಗೆ ಬರಿ ಕೊಡುವ ಹಾಗಿಲ್ಲ. ಕೊಟ್ಟರೆ ನಾನು ನನ್ನ ತಂದೆಯದ್ದೇ ಬರಿಯವಳಾಗಿ ಅವರಿಗೆ ತಂಗಿಯಾಗುತ್ತೇನೆ. ಬೇರೆ ಬರಿಯ ಮನೆಯವರೇ ಸೇರಿಸಿಕೊಳ್ಳಬೇಕು. ಅಜ್ಜಿ ಸೇರಿಸಿಕೊಳ್ಳುತ್ತೇನೆ ಎಂದಳು. ತಂದೆ ಅತ್ತೆಯ ಮುಖ ನೋಡಿದರು. ಅತ್ತೆಯ ಮುಖದಲ್ಲಿ ಹೊರೆ ಇಳಿದದ್ದು ನನಗೂ ಕಂಡಿತು.

ಜಾತಿಯ ಮುಖ್ಯಸ್ಥರಾದ ಗುರಿಕಾರರು ಬಂದು ಅಜ್ಜಿಯ ಚಾವಡಿಯಲ್ಲಿ ಕೂತರು. ಅವರಿಗೆ ಮನಸ್ಸಿರಲಿಲ್ಲ. "ಯೋಚನೆ ಮಾಡಿ ಹೇಳಿ. ಲಂಕೆಯ ಸರಕು. ನಾಳೆ ಬಾಲ ಬಿಚ್ಚಿತು ಅಂತ ನಮ್ಮಲ್ಲಿಗೆ ಬರುದಲ್ಲ" ಎಂದರು.

"ನಾನೇ ಮೀಯಿಸಿ ನೋಡಿದ್ದೇನೆ ಗುರಿಕಾರರೇ" ಎಂದಳು ಅಜ್ಜಿ. "ಬಾಲ ಇಲ್ಲ. ಬೆನ್ನಲ್ಲಿ ಒಂದು ಮಚ್ಚೆ ಉಂಟು. ಬೇಕಾದರೆ ಅದನ್ನೂ ಬರೆದುಕೊಳ್ಳಿ."

ಕೂತವರೆಲ್ಲ ನಕ್ಕರು. ಆ ನಗೆಯಲ್ಲಿ ಕೆಲಸ ಆಯಿತು. ಅಜ್ಜಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ನಾನು ಉದ್ದ ಕಾಲಿನವಳು. ಎರಡೂ ಪಾದ ನೆಲಕ್ಕೆ ತಾಗುತ್ತಿತ್ತು. ಬೆಲ್ಲದ ತುಂಡನ್ನು ಹಲ್ಲಿನಲ್ಲಿ ಕಚ್ಚಿ ಮುರಿದು ಅರ್ಧ ನನ್ನ ಬಾಯಿಗೆ ಹಾಕಿದಳು. ಗುರಿಕಾರರು ಕೇಳಿದರು, "ಇದು ಯಾರ ಮಗು?" ಅಜ್ಜಿ, "ನನ್ನ ಹೊಟ್ಟೆಯದ್ದು" ಎಂದಳು. ಮತ್ತೆ ಕೇಳಿದರು, ಮತ್ತೆ ಹೇಳಿದಳು. ಇನ್ನೊಮ್ಮೆ ಕೇಳಿದಾಗ ಅವಳಿಗೆ ಸಿಟ್ಟು ಬಂತು. "ಎಷ್ಟು ಸಲ ಹೆರುದು ಮಾರಾಯ್ರೇ!" ಅಂದಿನಿಂದ ನನಗೆ ಬರಿ ಆಯಿತು. ಆ ಸಂಜೆ ಚಾವಡಿಯಲ್ಲಿ ದೀಪ ಇಟ್ಟವಳು ನಾನು. ತಂದೆ ಅಂಗಳದ ತುದಿಯಲ್ಲಿ ನಿಂತು ನೋಡಿದರು. ಅವರು ಈಗ ಆ ಮನೆಗೆ ನೆಂಟರು.

ಅಜ್ಜಿ ಮುದ್ದು ಮಾಡಿದವಳೆಂದು ಯಾರೂ ತಿಳಿಯಬಾರದು. ಬೆಳಗ್ಗೆ ಶಾಲೆಗೆ ಹೋಗುವ ಮೊದಲು ಒಂದು ರಾಶಿ ಸಿಪ್ಪೆಯನ್ನು ಮರದ ಕೊಡತಿಯಲ್ಲಿ ಬಡಿದು ನಾರು ಬಿಡಿಸಬೇಕು. ಕೊಳೆತ ಸಿಪ್ಪೆಯ ವಾಸನೆ ಸೀಗೆಗೂ ಹೋಗುವುದಿಲ್ಲ. ತರಗತಿಯಲ್ಲಿ ನನಗೆ ಯಾವಾಗಲೂ ಕಿಟಕಿಯ ಪಕ್ಕ ಜಾಗ. ಹುರಿ ಸಡಿಲವಾಗಿದ್ದರೆ ಅದೇ ಹುರಿಯಲ್ಲಿ ಕಾಲಿಗೆ ಒಂದು ಬೀಳುತ್ತಿತ್ತು. ಹೊಸೆದ ಹಗ್ಗವನ್ನು ಅವಳು ತೆಂಗಿನ ಮರಕ್ಕೆ ಸುತ್ತಿ, ಎರಡು ತುದಿ ಹಿಡಿದು, ಹಿಂದಕ್ಕೆ ಪೂರಾ ಮೈ ಬಿಟ್ಟು ಜೋತು ನೋಡುತ್ತಿದ್ದಳು. "ಬೀಳುದಾದರೆ ನಾನೇ ಬೀಳ್ತೇನೆ. ತಗೊಂಡವನ ದೋಣಿ ಹೋಗಬಾರದು." ಒಂದು ಎಳೆ ಮುಗಿದು ಇನ್ನೊಂದು ಸೇರಿಸುವಾಗ ನಾನು ಗಂಟು ಹಾಕಿದರೆ ಬಿಚ್ಚಿಸುತ್ತಿದ್ದಳು. "ಗಂಟು ಹಾಕಿದ್ದು ಗಂಟಲ್ಲೇ ಕಡಿತದೆ. ಹೊಸೆಯುವಾಗಲೇ ಸೇರಿಸಬೇಕು, ಎಲ್ಲಿ ಸೇರಿತು ಅಂತ ನಿನಗೇ ಗೊತ್ತಾಗಬಾರದು."

ನಾನೂ ಹಾಗೆ ಸೇರಿದೆ ಎಂದುಕೊಂಡಿದ್ದೆ. ಕತ್ತಲೆಯಲ್ಲಿ ಎದ್ದು ನೀರು ಕುಡಿಯಲು ಹೋದರೂ ಹೊಸ್ತಿಲು ಕಾಲಿಗೆ ತಾಗುತ್ತಿರಲಿಲ್ಲ. ಅದಕ್ಕೆ ಮೊದಲು ಯಾವ ಮನೆಯಲ್ಲೂ ನನಗೆ ಹಾಗೆ ಆಗಿರಲಿಲ್ಲ.

ಯುದ್ಧ ಮುಗಿದ ಮೇಲೆ ತಂದೆ ಮತ್ತೆ ಬಂದರು. ನಡುವೆ ಅವರು ಅಂಗಡಿ ನೋಡಿಕೊಳ್ಳಲು ವಾಪಸು ಹೋಗಿದ್ದರು. ಅಂಗಡಿ ಚೆನ್ನಾಗಿ ನಡೆಯುತ್ತಿದೆ, ಮಗಳನ್ನು ಅಲ್ಲಿ ಇಂಗ್ಲಿಷ್ ಶಾಲೆಗೆ ಹಾಕುತ್ತೇನೆ ಎಂದರು. ಅಜ್ಜಿ ಹುರಿ ಕೆಳಗಿಟ್ಟಳು.

"ನಿಮ್ಮ ಮಗಳು ಹೌದು. ಆದರೆ ನಮ್ಮ ಮನೆಯವಳು. ಕೊಂಡುಹೋಗುದಾದರೆ ಕೇಳಿ ಕೊಂಡುಹೋಗಬೇಕು."

"ಕೇಳ್ತಾ ಇದ್ದೇನಲ್ಲ ದೊಡ್ಡಮ್ಮಾ."

"ಟಿಕೇಟು ತೆಗೆದು ಕೇಳುದು ಕೇಳುದಲ್ಲ."

ನನ್ನನ್ನು ಯಾರೂ ಕೇಳಲಿಲ್ಲ. ಹೋಗುವ ದಿನ ಅಜ್ಜಿ ಅಂಗಳಕ್ಕೆ ಬರಲಿಲ್ಲ. ಹಿಂದೆ ಕೊಡತಿಯಲ್ಲಿ ಸಿಪ್ಪೆ ಬಡಿಯುತ್ತಿದ್ದಳು. ಆ ಸದ್ದು ರಸ್ತೆಯ ತನಕ ಕೇಳಿಸಿತು.

ಕೊಲಂಬಿನಲ್ಲಿ ನಾನು ಇಂಗ್ಲಿಷ್ ಕಲಿತೆ. ತಂದೆಗೆ ನನ್ನ ಮೇಲಿದ್ದದ್ದು ಆ ಒಂದೇ ಹಟ, ಅದರ ಋಣ ನನಗುಂಟು. ಆದರೆ ಅಷ್ಟರಲ್ಲಿ ಎರಡೂ ಕಡೆ ಬೇರೆ ಬೇರೆ ಬಾವುಟ ಹಾರಿತು. ಮೊದಲು ಒಂದು ರಾತ್ರಿಯ ಹಡಗಿನ ದಾರಿಯಾಗಿದ್ದದ್ದು ಈಗ ಎರಡು ದೇಶ. ಯಾರ ಅಪ್ಪ ಅಜ್ಜ ಎಲ್ಲಿ ಹುಟ್ಟಿದ್ದು ಎಂದು ಕೇಳುವ ಕಾನೂನು ಬಂತು. ನಾನು ಹುಟ್ಟಿದ್ದು ಆ ಗಲ್ಲಿಯಲ್ಲೇ, ನನ್ನ ತಾಯಿಯ ಭಾಷೆ ಆ ಊರಿನದ್ದೇ, ಅದು ಸಾಲಲಿಲ್ಲ. ಅಲ್ಲಿ ತಂದೆಯ ಕಡೆ ಹಿಡಿಯುತ್ತಾರೆ. ಕುಂಜತ್ತೂರಿನಲ್ಲಿ ತಾಯಿ ಆಚೆಯವಳು ಎಂದು ನಾನು ಹೊರಗೆ. ಕೊಲಂಬಿನಲ್ಲಿ ತಂದೆ ಈಚೆಯವರು ಎಂದು ನಾನು ಹೊರಗೆ. ನನ್ನನ್ನು ಹೊರಗಿಡಲೆಂದೇ ಕೂತು ಮಾಡಿದ ಹಾಗೆ ಎರಡು ಪದ್ಧತಿ. ಇದನ್ನು ಬರೆಯುವಾಗ ಈಗಲೂ ಬಾಯಿ ಕಹಿಯಾಗುತ್ತದೆ. ತಂದೆ ಅಂಗಡಿ ಬಿಟ್ಟು ಬರಲು ಒಪ್ಪಲಿಲ್ಲ. ನನ್ನನ್ನು ಉಪ್ಪಳದ ಕಡೆಯ ಒಂದು ಸಂಸಾರದ ಜೊತೆ ಕಳಿಸಿದರು. ಆಮೇಲೆ ಅವರನ್ನು ನಾನು ನೋಡಲಿಲ್ಲ. ಅಲ್ಲೇ ತೀರಿಕೊಂಡರು, ಸುದ್ದಿ ನಮಗೆ ತಡವಾಗಿ ಮುಟ್ಟಿತು.

ಹದಿನಾರರ ಹುಡುಗಿ, ಕೈಯಲ್ಲಿ ಟ್ರಂಕು, ಬೇಲಿಯ ತಡಮೆ ದಾಟಿ ಅಂಗಳಕ್ಕೆ ಬಂದೆ. ಅಜ್ಜಿ ಹುರಿ ಹೊಸೆಯುತ್ತಿದ್ದಳು. ಮೂರು ವರ್ಷದ ಮೇಲೆ ಅವಳು ಆಡಿದ ಮೊದಲ ಮಾತು ಇದು:

"ಬಂದಿಯಾ? ಎಷ್ಟು ದಿನಕ್ಕೆ?"

"ಹೋಗುದಿಲ್ಲ ಅಜ್ಜಿ ಇನ್ನು."

"ನೋಡುವ."

ಅವಳು ನಂಬಲಿಲ್ಲ. ನಂಬದೆಯೇ ಅನ್ನ ಹಾಕಿದಳು, ನಂಬದೆಯೇ ದೀಪದ ಎಣ್ಣೆಯ ಗಿಂಡಿ ಕೈಗೆ ಕೊಟ್ಟಳು. ಹೈಸ್ಕೂಲು ಮುಗಿದಾಗ ಹೆಡ್‌ಮಾಸ್ಟರರು ಅಂಗಳಕ್ಕೆ ಬಂದು, ಈ ಹುಡುಗಿ ಬಿ.ಎ. ತನಕ ಓದಬೇಕಾದವಳು ಎಂದರು. ಅದಕ್ಕೆ ಅಜ್ಜಿ ಹೇಳಿದ್ದನ್ನು ಮೊದಲೇ ಬರೆದಿದ್ದೇನೆ. ಅವರು ಬಹಳ ಹೊತ್ತು ನಿಂತು ಮಾತಾಡಿದರು. ಮಂಜೇಶ್ವರದಿಂದ ಬೆಳಗ್ಗೆ ರೈಲಿನಲ್ಲಿ ಮಂಗಳೂರಿಗೆ ಹೋಗಿ ಸಂಜೆ ವಾಪಸು ಬರಬಹುದು ಎಂದಾಗ ಮಾತ್ರ ಅಜ್ಜಿ ಕೈ ನಿಲ್ಲಿಸಿದಳು. "ಸಂಜೆ ದೀಪಕ್ಕೆ ಇರ್ತಾಳಾ?" ಇರುತ್ತಾಳೆ ಎಂದರು. ಹಾಗೆ ಇಂಟರ್‌ಮೀಡಿಯೆಟ್‌ನ ಎರಡು ವರ್ಷ ಸಿಕ್ಕಿತು. ರೈಲು ತಡವಾದ ದಿನ ನಾನು ನಿಲ್ದಾಣದಿಂದ ಮನೆಯ ತನಕ ಓಡುತ್ತಿದ್ದೆ. ಅಜ್ಜಿ ಬತ್ತಿ ಹೊಸೆದು ಇಟ್ಟು, ದೀಪ ಮುಟ್ಟದೆ, ಕತ್ತಲೆಯಲ್ಲಿ ಕೂತಿರುತ್ತಿದ್ದಳು.

ಇಂಟರ್‌ಮೀಡಿಯೆಟ್ ಪಾಸಾದ ಸುದ್ದಿ ಬಂದ ವಾರವೇ ಅತ್ತೆ ಬಂದರು. ಪಾಗಾರ ದಾಟಿ ಅಲ್ಲ. ರಸ್ತೆ ಸುತ್ತಿ, ತಡಮೆಯಿಂದ, ಬಾಳೆಗೊನೆ ಹೊರಿಸಿಕೊಂಡು. ಅವರ ಮಗನಿಗೆ ನನ್ನನ್ನು ಕೇಳಲು. ಅವನಿಗೆ ಕೋಳಿ ಕಾದಿಸುವ ಅಂಕಕ್ಕೆ ಹೋಗುವುದು ಬಿಟ್ಟು ಬೇರೆ ಕಸಬಿರಲಿಲ್ಲ. ಅಜ್ಜಿಯ ಜಾಗ ಮುಂದೆ ನನಗೆ ಬರುವುದು, ನನ್ನ ಮಕ್ಕಳಿಗೆ ಹೋಗುವುದು. ಅತ್ತೆ ಲೆಕ್ಕದ ಹೆಂಗಸು ಎಂದು ಹೇಳಿದೆನಲ್ಲ.

"ಈಗ ನಿನಗೆ ಬರಿ ಉಂಟಲ್ಲ ಮಗಳೇ" ಎಂದರು. ನನ್ನನ್ನು ಅವರು ಮಗಳೇ ಎಂದದ್ದು ಅದೇ ಮೊದಲು.

"ಬರಿ ಇಲ್ಲದಾಗ ನಾನು ಯಾರಾಗಿದ್ದೆ ಅತ್ತೆ?" ಎಂದೆ.

"ಬಾಯಿ ನೋಡಿ ಇವಳದ್ದು! ಕಾಲೇಜಿನ ಬಾಯಿ" ಎಂದು ಅತ್ತೆ ಅಜ್ಜಿಯ ಕಡೆ ತಿರುಗಿದರು.

ಅಜ್ಜಿ ಗೊನೆ ಒಳಗಿಡಿಸಿದಳು. ಅಲ್ಲಿಗೆ ಅವಳು ಒಪ್ಪಿದ್ದಾಯಿತು. ಅತ್ತೆ ಹೋದ ಮೇಲೆ ನಾನು ಹೇಳಿದೆ, ಇನ್ನು ಎರಡು ವರ್ಷ ಕೊಡು, ಬಿ.ಎ. ಮುಗಿಯಲಿ, ಆಮೇಲೆ ನೀನು ಹೇಳಿದವನನ್ನು ಕಟ್ಟಿಕೊಳ್ಳುತ್ತೇನೆ, ಇವನೊಬ್ಬ ಬೇಡ.

"ಎರಡು ವರ್ಷ ಅಂತ ಹೇಳಿ ಹೋದವರನ್ನು ನೋಡಿದ್ದೇನೆ. ನಿನ್ನ ಅಪ್ಪನೂ ಹಾಗೇ ಹೇಳಿದ್ದು ಮೊದಲ ಸಲ ಹೋಗುವಾಗ. ಓದಿದರೆ ಕೆಲಸ, ಕೆಲಸ ಆದರೆ ಬೇರೆ ಊರು. ನನಗೆ ದೀಪ ಇಡುವವಳು ಬೇಕಾದ್ದು, ಪಾಸಾದವಳಲ್ಲ. ಅದಕ್ಕಲ್ವಾ ನಿನ್ನನ್ನು ಸೇರಿಸಿದ್ದು?"

ಅದು ಗೊತ್ತಿದ್ದ ವಿಷಯವೇ. ಅವಳ ಬಾಯಿಂದ ಕೇಳಿದ ಮೇಲೆ ಬೇರೆಯಾಯಿತು. "ಅದಕ್ಕೆ ಮಾತ್ರವಾ ಅಜ್ಜಿ?" ಎಂದೆ.

"ಹೋಗುದಾದರೆ ಬರಿ ಇಲ್ಲಿ ಇಟ್ಟು ಹೋಗು" ಎಂದಳು.

"ಇಟ್ಟು ಹೋಗಲಿಕ್ಕೆ ಅದು ಎಂತ, ಚೆಂಬಾ?"

"ಕೊಟ್ಟವಳು ನಾನು. ತೆಗೀಲಿಕ್ಕೂ ಗೊತ್ತುಂಟು."

ನಾನು ಟ್ರಂಕು ಎತ್ತಿದೆ. ಆ ಟ್ರಂಕಿಗೂ ಅಷ್ಟೊತ್ತಿಗೆ ದಾರಿ ಅಭ್ಯಾಸವಾಗಿತ್ತು.

ತೆಗೆಯಲು ಗೊತ್ತುಂಟು ಎಂದವಳು ಮಾಡಿ ತೋರಿಸಿದಳು. ಆ ಮಳೆಗಾಲದಲ್ಲೇ, ಜೀವಮಾನವೆಲ್ಲ ಯಾವ ಊರಿನ ಹೆಸರು ಕೇಳಿದರೆ ಉಗುಳುತ್ತಿದ್ದಳೋ ಆ ವರ್ಕಾಡಿಗೆ ನಡೆದು ಹೋದಳು. ದೈವಕ್ಕೆ ತಪ್ಪುಕಾಣಿಕೆ ಇಟ್ಟು ಆಣೆ ಬಿಡಿಸಿಕೊಂಡಳು. ಅವರ ಮನೆಯ ನೀರು ಕುಡಿದಳು. ಬರುವಾಗ ಆ ಕವಲಿನ ಒಂದು ಹೆಣ್ಣುಮಗುವನ್ನು, ಆರೇಳು ವರ್ಷದ್ದನ್ನು, ಕೈ ಹಿಡಿದು ಕರೆತಂದಳು. ತಾಯಿಯಿಂದ ತಾಯಿಗೆ ಬಂದ ನಿಜವಾದ ಬರಿಯ ಮಗು. ಅವಳನ್ನು ತೊಡೆಯ ಮೇಲೆ ಕೂರಿಸಿ ಮೂರು ಸಲ ಹೆರಬೇಕಾಗಿರಲಿಲ್ಲ. ಒಂದು ತಲೆಮಾರು ನ್ಯಾಯವಾಗಿ ಕಾದಿಟ್ಟ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟು ದೊಡ್ಡದಾಯಿತು. ಸುದ್ದಿ ಕೇಳಿದ ದಿನ ನನಗೆ ಬಂದ ಯೋಚನೆ ಒಂದೇ. ಇಷ್ಟು ಸುಲಭವಾಗಿದ್ದರೆ, ಮೊದಲೇ ನನ್ನ ಬದಲು ಆ ಮನೆಯಿಂದ ಒಂದು ಮಗುವನ್ನು ತರಬಹುದಿತ್ತಲ್ಲ.

ಮಂಗಳೂರಿನಲ್ಲಿ ಒಂದು ಅನಾಥಾಲಯದಲ್ಲಿ ನನಗೆ ಜಾಗ ಸಿಕ್ಕಿತು. ಅನಾಥಳಾಗಿ ಅಲ್ಲ, ಆಯಾ ಆಗಿ. ಬೆಳಗ್ಗೆ ಮಕ್ಕಳನ್ನು ಎಬ್ಬಿಸಿ, ಮೀಯಿಸಿ, ಗಂಜಿ ಕೊಟ್ಟು ಕಾಲೇಜಿಗೆ ಓಡಬೇಕು. ಸಂಜೆ ಬಂದು ಮತ್ತೆ ಅದೇ. ಹೊಸದಾಗಿ ಬಂದ ಮಗು ಅಳುವಾಗ ಮನೆಗೆ ಹೋಗಬೇಕು ಎನ್ನುತ್ತಿತ್ತು. ನಾನು ಅದನ್ನು ಎತ್ತಿಕೊಂಡು ಸುಮ್ಮನೆ ನಡೆಯುತ್ತಿದ್ದೆ. ಬೇರೆ ಹುಡುಗಿಯರು ಪರೀಕ್ಷೆಗೆ ಬೆಳಗಿನ ಜಾವ ಎದ್ದು ಓದುತ್ತಿದ್ದರು, ನಾನು ಒದ್ದೆ ಬಟ್ಟೆ ಹಿಂಡುತ್ತಾ ಬಾಯಿಪಾಠ ಮಾಡಿದೆ. ಪಾಸಾದೆ. ಯಾರೂ ಮಾಡಿಕೊಟ್ಟ ಪಾಸಲ್ಲ. ಇದನ್ನು ಸೊಕ್ಕಿನಿಂದಲೇ ಹೇಳುತ್ತೇನೆ.

ಅಜ್ಜಿ ಸತ್ತದ್ದು ಅದಾಗಿ ಎರಡು ವರ್ಷಕ್ಕೆ, ನಮ್ಮ ಊರು ಕೇರಳಕ್ಕೆ ಸೇರಿದ ವರ್ಷ. ನಾನು ಆಗ ಮಂಗಳೂರಿನಲ್ಲಿ ಟೀಚರು. ನನಗೆ ಯಾರೂ ಹೇಳಿಕಳಿಸಲಿಲ್ಲ. ಕುಂಜತ್ತೂರಿನಿಂದ ಮೀನು ತರುವ ಹೆಂಗಸು ಹೇಳಿದಳು. ಹೋಗುವಾಗ ಎಲ್ಲ ಮುಗಿದಿತ್ತು. ಕುಟುಂಬದವರಿಗೆ ಸೂತಕ. ನನಗೆ ಉಂಟೋ ಇಲ್ಲವೋ ಎಂದು ಅಂಗಳದಲ್ಲೇ ಚರ್ಚೆಯಾಯಿತು. ಸೇರಿಸಿದ್ದು ನಾವು ಕಣ್ಣಾರೆ ಕಂಡದ್ದು, ಸೂತಕ ಉಂಟು ಎಂದರು ಕೆಲವರು. ಬಿಟ್ಟು ಹೋದವಳಿಗೆ ಎಂತ ಸೂತಕ, ಅದೂ ಈಗ ಬೇರೆ ರಾಜ್ಯದವಳು ಎಂದರು ಕೆಲವರು. ಗುರಿಕಾರರಿಗೆ ಮುಪ್ಪಾಗಿತ್ತು, ನೆನಪು ಹೋಗಿತ್ತು. ನಾನು ಇದ್ದ ಕಡೆಯೇ ಇದ್ದೆ, ನಡುವೆ ಗೆರೆ ಬಂದುಬಿಟ್ಟಿತ್ತು. ಎರಡೂ ಕಡೆಯವರಿಗೆ ಸಮಾಧಾನವಾಗಲಿ ಎಂದು ಅಲ್ಲಿಯ ಬಾವಿಯಲ್ಲಿ ಒಮ್ಮೆ ಮಿಂದೆ, ಮಂಗಳೂರಿಗೆ ಬಂದು ಇನ್ನೊಮ್ಮೆ ಮಿಂದೆ.

ಅವರ ಚರ್ಚೆಯನ್ನು ನಿಲ್ಲಿಸುವ ಒಂದು ಮಾತು ನನ್ನಲ್ಲಿತ್ತು. ನಾನು ಆಡಲಿಲ್ಲ. ಅದನ್ನು ಅಜ್ಜಿ ಹೇಳಿದಾಗ ಗುರಿಕಾರರು ಇರಲಿಲ್ಲ, ಬೆಲ್ಲ ಇರಲಿಲ್ಲ, ಇದು ಯಾರ ಮಗು ಎಂದು ಕೇಳುವವರೂ ಇರಲಿಲ್ಲ. ಆದದ್ದು ಹೀಗೆ.

ಪದವಿಯ ಕಾಗದ ಮದ್ರಾಸಿನಿಂದ ಕಾಲೇಜಿಗೆ ಬಂದು ನನ್ನ ಕೈಗೆ ಸಿಕ್ಕಿದ ದಿನವೇ ರೈಲು ಹತ್ತಿ ಮಂಜೇಶ್ವರದಲ್ಲಿ ಇಳಿದೆ. ಪ್ರೀತಿಯಿಂದ ಹೋದದ್ದಲ್ಲ. ಆಗುವುದಿಲ್ಲ ಎಂದವಳ ಹೊಟ್ಟೆ ಉರಿಸಲೆಂದೇ ಹೋದದ್ದು. ಬಿಟ್ಟು ಹೋದ ಮೇಲೆ ಅವಳ ಮುಖ ಕಂಡಿರಲಿಲ್ಲ.

ಅಜ್ಜಿ ಮನೆಯ ಹಿಂದೆ ಹೊಂಡದಲ್ಲಿ ಮೊಣಕಾಲಿನ ತನಕ ಇಳಿದು ಸಿಪ್ಪೆ ಎತ್ತುತ್ತಿದ್ದಳು. ಕರೆಯಲ್ಲಿ ಆ ವರ್ಕಾಡಿಯ ಹುಡುಗಿ ಕೂತು ತನ್ನಷ್ಟೇ ದೊಡ್ಡ ಕೊಡತಿಯಲ್ಲಿ ಬಡಿಯುತ್ತಿದ್ದಳು. ಅಜ್ಜಿ ಬಹಳ ಸೊರಗಿದ್ದಳು. ನನ್ನನ್ನು ಕಂಡಳು. ಕೆಲಸ ನಿಲ್ಲಿಸಲಿಲ್ಲ.

"ಎಂತ ಅದು ಕೈಯಲ್ಲಿ? ಜಾತಕವಾ?"

"ಬಿ.ಎ."

"ಓದು."

ಅಲ್ಲೇ ಕೆಸರಿನ ಕರೆಯಲ್ಲಿ ನಿಂತು ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಓದಿದೆ. ಅವಳಿಗೆ ಒಂದಕ್ಷರ ತಿಳಿಯಲಿಲ್ಲ. ಮುಗಿಯುವ ತನಕ ಕೇಳಿದಳು.

"ಅಪ್ಪನ ಹೆಸರು ಉಂಟಾ ಅದರಲ್ಲಿ?"

"ಇಲ್ಲ."

"ಮನೆಯದ್ದು?"

"ಇಲ್ಲ. ನನ್ನದೊಂದೇ."

"ಅಷ್ಟು ದೊಡ್ಡ ಕಾಗದ" ಎಂದಳು ಅಜ್ಜಿ. "ಒಂದು ಮನೆಗೆ ಜಾಗ ಇಲ್ಲ."

ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತು ಒಂದಿತ್ತು. ನೀನು ಆಗುವುದಿಲ್ಲ ಎಂದೆಯಲ್ಲ, ನೋಡು. ಅದನ್ನು ಆಡುವ ಬದಲು ಕಾಗದವನ್ನು ಮುಂದಕ್ಕೆ ಚಾಚಿದೆ. ಅಜ್ಜಿ ತನ್ನ ಕೈ ನೋಡಿಕೊಂಡಳು. ಮೊಣಕೈ ತನಕ ಕಪ್ಪು ಕೆಸರು. ಅವಳು ಮುಟ್ಟಲಿಲ್ಲ. ಹೊಂಡದಿಂದಲೇ ಹುಡುಗಿಯನ್ನು ಕೂಗಿದಳು. ಹುಡುಗಿ ಕೊಡತಿ ಬಿಟ್ಟು ಬಂದು, ಯಾರನ್ನು ನೋಡಬೇಕೆಂದು ತಿಳಿಯದೆ ನಮ್ಮಿಬ್ಬರ ನಡುವೆ ನಿಂತಳು. ನಾನು ಕಾಗದವನ್ನು ಅವಳ ಕಡೆ ಹಿಡಿದೆ. ಅವಳು ಹಾಗೇ ಕೈ ಚಾಚಿದಳು.

"ಕೈ ತೊಳೆ ಮೊದಲು!" ಎಂದು ಅಜ್ಜಿ ಗದರಿದಳು. "ತೊಳೆದು ಒರೆಸಿ ಹಿಡಿ. ಚಾವಡಿಯಲ್ಲಿ ದೀಪದ ಹತ್ರ ಇಡು, ಎಣ್ಣೆ ತಾಗದ ಹಾಗೆ. ನಿನ್ನ ಅಕ್ಕನದ್ದು ಅದು."